ಊರ ಆಣೆ ಉಡಿಯಲ್ಲಿ ಕಟ್ಟಿಕೊಂಡವಳು

ಚಿಗವ್ವ ಸತ್ತ ಹನ್ನೊಂದನೆಯ ದಿನ ಸಾವಕಾರರು ಚಹಾದಂಗಡಿಯ ಬಾಕಿನ ಮೇಲೆ ಕೂತು, ಬಸಿಗೆ ಚಹಾ ಸುರಿದುಕೊಂಡು ಊದುತ್ತ ತೀರ್ಪು ಕೊಟ್ಟರು.

“ದ್ಯಾಮವ್ವನ ಭಂಡಾರದ ಕೂಡ ಆಟ ಆಡಿದ್ಲು. ಏನಾತು? ಬಾಯಿ ಕೊಳತು ಸತ್ಲು. ದೇವಿ ತಡಾ ಮಾಡತಾಳ, ಮರಿಯೂದಿಲ್ಲ.”

ಅಂಗಡಿಯಲ್ಲಿದ್ದವರೆಲ್ಲ ಹೌದ್ರಿ ಹೌದ್ರಿ ಎಂದರು. ನಮ್ಮೂರಲ್ಲಿ ಸಾವಕಾರರು ಆಕಳಿಸಿದರೂ ಹೌದ್ರಿ ಅನ್ನುವ ರೂಢಿಯಿದೆ. ಆಮೇಲೆ ಅವರು ನನ್ನ ಕಡೆ ತಿರುಗಿದರು.

“ಏ ಗಿಣಿ, ಆಕಿ ದನೀಲೆ ನಾಕು ಮಾತು ಆಡಿ ತೋರಸಲೇ. ಚಹಾ ನಂದು.”

ಗಿಣಿ ಅಂದರೆ ನಾನು. ಪಿಯುಸಿಯ ಇಂಗ್ಲಿಷು ನನ್ನನ್ನು ಮೂರು ಸಲ ಸೋಲಿಸಿದ ಮೇಲೆ ಮಂದಿಯ ದನಿ ಕದಿಯುವುದೇ ನನ್ನ ಉದ್ಯೋಗ. ನವಲಗುಂದ ಬಸ್ಸಿನ ಕಂಡಕ್ಟರು, ಗುಡಿಯ ಪೂಜಾರಿ, ಹುಬ್ಬಳ್ಳಿ ಪೇಟೆಯಲ್ಲಿ ಮೆಣಸಿನಕಾಯಿ ಲಿಲಾವು ಕೂಗುವ ದಲಾಲಿ, ಹಿಂಡಿಸಿಕೊಳ್ಳಲು ಒಲ್ಲೆನೆನ್ನುವ ನಮ್ಮ ಎಮ್ಮೆ, ಎಲ್ಲರೂ ನನ್ನ ಗಂಟಲಲ್ಲಿದ್ದಾರೆ. ಅಲ್ಲಿ ನನ್ನ ದನಿಯೊಂದಕ್ಕೆ ಮಾತ್ರ ಜಾಗವಿಲ್ಲ ಎಂದು ಅಪ್ಪ ಹೇಳುತ್ತಾನೆ. ಚಿಗವ್ವನ ದನಿ ತೆಗೆಯುವುದು ಎಲ್ಲಕ್ಕಿಂತ ಸುಲಭವಾಗಿತ್ತು. ಎಡಗಲ್ಲದಲ್ಲಿ ಒಂದು ತುತ್ತು ಇಟ್ಟುಕೊಂಡು ಬಲಗಡೆಯ ತುಟಿಯಿಂದ ಮಾತಾಡಿದರೆ ಮುಗಿಯಿತು. ಆ ದಿನ ಬಾಯಿ ತೆರೆದೆ. ಏನೂ ಬರಲಿಲ್ಲ. ದುಃಖದಿಂದ ಹಾಗಾಯಿತು ಅಂತ ಬರೆದರೆ ಓದಲು ಚೆಂದ ಕಾಣುತ್ತದೆ, ಆದರೆ ನನಗೆ ಬಂದದ್ದು ಸಿಟ್ಟು.

ಯಾಕೆಂದರೆ ಮತ್ತೊಂದು ಚುನಾವಣೆ ಬಂದಿತ್ತು, ಈ ಸಲ ವಿಧಾನಸಭೆಯದು. ಬುಧವಾರ ಓಟು. ಅದಕ್ಕೆ ಮೊದಲಿನ ರವಿವಾರ ಸಾವಕಾರರು ಕೂಲಿ ಮಾಡುವವರನ್ನೆಲ್ಲ ದ್ಯಾಮವ್ವನ ಗುಡಿಗೆ ಕರೆದು, ಕೈಗೆ ಭಂಡಾರ ಕೊಟ್ಟು, ನೀವು ಹೇಳಿದವರಿಗೇ ಓಟು ಹಾಕುತ್ತೇವೆ ಎಂದು ಆಣೆ ಮಾಡಿಸುವವರಿದ್ದರು. ಭಂಡಾರ ಅಂದರೆ ಅರಿಷಿಣದ ಪುಡಿಯೇ. ಆದರೆ ದೇವಿಯ ಪಾದದಿಂದ ಬಂದದ್ದು, ಅದನ್ನು ಮುಟ್ಟಿ ತಪ್ಪಿ ನಡೆದವರ ಮನೆ ಉಳಿಯುವುದಿಲ್ಲ ಎಂದು ನಂಬಿದ ಊರು ನಮ್ಮದು. ಈ ಸಲ ಅವರಿಗೆ ಹೆದರಿಸಲು ಒಂದು ಹೆಣವೂ ಸಿಕ್ಕಿತ್ತು. ನೋಡ್ರಿ, ಆಣೆ ಮುರಿದಾಕಿಯ ಗತಿ ನೋಡ್ರಿ ಎಂದು ತೋರಿಸಬಹುದಿತ್ತು. ಬದುಕಿದ್ದಾಗ ಅವರಿಗೆ ಸೊಪ್ಪು ಹಾಕದ ಹೆಂಗಸನ್ನು ಸತ್ತ ಮೇಲೆ ಕೂಲಿಗೆ ಹಚ್ಚಿದರಲ್ಲ, ಅದಕ್ಕೆ ಅವರ ಚಹಾ ಬೇಡವೆಂದು ಎದ್ದು ಬಂದೆ.

ಅವಳ ಹೆಸರು ಬರೆಯುವುದಿಲ್ಲ. ಅವಳ ಮಗಳು, ಸೊಸೆ ಇವತ್ತಿಗೂ ಅದೇ ಸಾವಕಾರರ ಹೊಲದಲ್ಲಿ ದುಡಿದು ಉಣ್ಣಬೇಕು. ಊರಿನ ಹೆಸರೂ ಬೇಡ. ಮೊರಬದಿಂದ ಈಚೆ, ಬಸ್ಸಿಳಿದರೆ ಮೊದಲು ದೊಡ್ಡ ಕಮಾನು, ಅದರ ಕೆಳಗೆ ಮೊಣಕಾಲುದ್ದದ ತಗ್ಗು ಕಾಣುವ ಊರು ಎಂದರೆ ಸಾಕು.

ಚಿಗವ್ವ ನಮ್ಮ ಬಾಜು ಮನೆಯವಳು. ನನಗೆ ಚಿಗವ್ವ, ಊರ ಹೆಂಗಸರಿಗೆಲ್ಲ ಯಕ್ಕ. ಗಿಡ್ಡ ಆಳು, ಅಗಲ ಪಾದ, ಸೊಂಟದಲ್ಲಿ ಎಲೆ ಅಡಿಕೆ ತಂಬಾಕಿನ ಚಂಚಿ, ಕೈಯಲ್ಲಿ ಕುರ್ಪಿ. ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಕಸ ತೆಗೆಯುವ ಹದಿನೆಂಟು ಹೆಂಗಸರ ಗುಂಪಿಗೆ ಅವಳು ಮುಂದಾಳು. ಯಾರೂ ಅವಳನ್ನು ಆರಿಸಿರಲಿಲ್ಲ, ಅವಳೂ ಯಾರನ್ನೂ ಕೇಳಿರಲಿಲ್ಲ. ಬೆಳಿಗ್ಗೆ ಓಣಿಯ ತುದಿಯಲ್ಲಿ ನಿಂತು ಒಮ್ಮೆ ಉಗುಳಿದರೆ ಹದಿನೆಂಟು ಮನೆಯ ಬಾಗಿಲು ತೆರೆಯುತ್ತಿದ್ದವು. ಎಸ್‌.ಟಿ. ಬಸ್ಸಿನ ಹಾರ್ನಿಗೂ ನಮ್ಮೂರಲ್ಲಿ ಅಷ್ಟು ಮರ್ಯಾದೆ ಇರಲಿಲ್ಲ.

ಹೊಲದಲ್ಲಿ ಅವಳದೊಂದು ಕಟ್ಟಳೆ ಇತ್ತು. ಎಲ್ಲರೂ ಒಂದೊಂದು ಸಾಲು ಹಿಡಿದು ಹೊರಟರೆ ಕೈ ಚುರುಕಿದ್ದವರು ಬೇಗ ಬದು ಮುಟ್ಟುತ್ತಾರೆ. ಮುಟ್ಟಿದವರು ಕೂತು ನೀರು ಕುಡಿಯುವಂತಿಲ್ಲ. ಹೊಳ್ಳಿ ನಿಂತು, ಹಿಂದೆ ಬಿದ್ದವಳ ಸಾಲನ್ನು ಎದುರಿನಿಂದ ತೆಗೆಯುತ್ತ ಬರಬೇಕು. ಬಸುರಿ ಇರಲಿ, ಮುದುಕಿ ಇರಲಿ, ಆಲಸಿ ಇರಲಿ, ಹದಿನೆಂಟು ಮಂದಿಯೂ ಒಟ್ಟಿಗೇ ನೀರಿಗೆ ಕೂಡಬೇಕು. ಒಮ್ಮೆ ಹೊಲದ ಬದುವಿನಲ್ಲಿ ನಿಂತು ಅವಳ ದನಿಯಲ್ಲೇ ನಾನು ಅಣಕಿಸಿದ್ದೆ: “ಆಲಸಿ ಮಾಡಿದಾಕಿಗೂ ಅಷ್ಟ ಕೂಲಿ, ದುಡದಾಕಿಗೂ ಅಷ್ಟ ಕೂಲಿ, ಇದ್ಯಾವ ನ್ಯಾಯ ಚಿಗವ್ವ?”

ಅವಳು ಕುರ್ಪಿ ನಿಲ್ಲಿಸಲಿಲ್ಲ. ಬಲತುಟಿಯಿಂದ ಹೇಳಿದಳು: “ಇವತ್ತ ಆಕಿ ಹಿಂದದಾಳ. ನಾಳೆ ನಾ ಹಿಂದ ಬೀಳತೀನಿ. ನೀ ಪಿಯುಸ್ಯಾಗ ಹಿಂದ ಬಿದ್ದಾಗ ಯಾರರ ಹೊಳ್ಳಿ ಬಂದಿದ್ರ ನೀ ಇಲ್ಲಿ ಬದುವಿನ ಮ್ಯಾಲೆ ನಿಂತು ಒದರತಿದ್ದಿಲ್ಲ.”

ಹದಿನೆಂಟು ಹೆಂಗಸರು ನಕ್ಕರು. ಅಣಕಿಸುವವನನ್ನು ಅಣಕಿಸುವುದು ಊರಲ್ಲಿ ಅವಳೊಬ್ಬಳಿಗೇ ಬರುತ್ತಿತ್ತು.

ಸಾವಕಾರರ ಎದುರಿಗೆ ಮಾತ್ರ ಅವಳು ಮೂಕಿ. ಅವರು ಹೊಲಕ್ಕೆ ಬಂದರೆ ತಲೆಯ ಮೇಲೆ ಸೆರಗೆಳೆದುಕೊಂಡು ಸುಮ್ಮನೆ ತಲೆಯಾಡಿಸುತ್ತಿದ್ದಳು. ಪಾಪದ ಹೆಂಗಸು, ನಾಲಿಗಿ ಇಲ್ಲ ಎಂದು ಅವರು ತಿಳಿದಿದ್ದರು. ನಾಲಿಗೆ ಇತ್ತು. ಬಾಯಿ ತುಂಬ ತಂಬಾಕು ಇತ್ತು, ದೊಡ್ಡವರ ಮುಂದೆ ಉಗುಳಬಾರದೆಂಬ ಮರ್ಯಾದೆಯೂ ಇತ್ತು, ಅದಕ್ಕೆ ಸುಮ್ಮನಿರುತ್ತಿದ್ದಳು. ಇಪ್ಪತ್ತು ವರ್ಷ ಅವರು ಅವಳ ತಂಬಾಕನ್ನು ವಿನಯ ಎಂದು ನಂಬಿಕೊಂಡಿದ್ದರು.

ಐವತ್ತರ ಹತ್ತಿರ ಬಂದರೂ ಚಿಗವ್ವ ಒಮ್ಮೆಯೂ ಓಟು ಹಾಕಿರಲಿಲ್ಲ. ಓಟಿನ ದಿನ ಬಂತೆಂದರೆ ಸಾವಕಾರರ ದೂರದ ಹೊಲದಲ್ಲಿ ಎಲ್ಲಿಲ್ಲದ ಕೆಲಸ ಹುಟ್ಟುತ್ತಿತ್ತು. ಟ್ರ್ಯಾಕ್ಟರಿನಲ್ಲಿ ಒಯ್ಯುವರು, ಹೊತ್ತು ಇಳಿದ ಮೇಲೆ ತಂದು ಓಟು ನಡೆಯುವ ಸಾಲೆಯ ಮುಂದೆ ಇಳಿಸುವರು. ಅವಳು ಕೈಕಾಲು ತೊಳೆದು ಓಡಿ ಬಂದರೆ ಬಾಗಿಲಲ್ಲಿ ನಿಂತವನು “ನಿಂದಾಗೇತಿ ಹೋಗವಾ” ಎನ್ನುವನು. ಒಮ್ಮೆ ಆಯಿತು, ಇನ್ನೊಮ್ಮೆ ಆಯಿತು, ಮೂರನೆಯ ಸಲವೂ ಆಯಿತು. “ನಂದು ಊಟಾ ಆಗೇತಿ ಅಂತ ಹೇಳಿ ನನ್ನ ಮುಂದ ಕೈ ತೊಳದಂಗ ಆತು ನೋಡು” ಎಂದು ನನ್ನ ಅವ್ವನ ಹತ್ತಿರ ಹೇಳಿಕೊಂಡಿದ್ದಳು. ನಾನು ಅದನ್ನೂ ಕಲಿತು ಕಟ್ಟೆಯ ಮೇಲೆ ಆಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದೆ.

ಎರಡು ವರ್ಷದ ಹಿಂದೆ ಮಂಡಲ ಪಂಚಾಯತಿ ಚುನಾವಣೆ ಬಂತು. ನಮ್ಮ ಪಾಲಿಗೆ ಒಂದು ಹೆಂಗಸಿನ ಕುರ್ಚಿ ಬಂತು. ಹಿರಿಯರು ಗುಡಿಯಲ್ಲಿ ಸಭೆ ಕೂಡಿ, ಚುನಾವಣೆ ಅಂದರೆ ಜಗಳ, ದುಂದು, ಕುರ್ಚಿಯನ್ನು ಲಿಲಾವಿಗೆ ಹಾಕೋಣ, ಹೆಚ್ಚು ಕೂಗಿದವರ ಮನೆಯಾಕೆ ಅವಿರೋಧ ಮೆಂಬರು, ಬಂದ ರೊಕ್ಕದಲ್ಲಿ ದ್ಯಾಮವ್ವನ ಗುಡಿಗೆ ಸ್ಲ್ಯಾಬು ಎಂದು ನಿಶ್ಚಯಿಸಿದರು. ನಮ್ಮಲ್ಲಿ ದೇವರ ಕಾಯಿ, ದೇವರ ಸೀರೆ ಎಲ್ಲ ಲಿಲಾವಿಗೆ ಬರುತ್ತವೆ. ಓಟು ಅದೇ ಬುಟ್ಟಿಗೆ ಬಿದ್ದದ್ದು ಯಾರಿಗೂ ತಪ್ಪೆಂದು ಕಾಣಲಿಲ್ಲ.

ಕೂಗಿದವನು ನಾನು. ದಲಾಲಿಯ ದನಿ ತೆಗೆದು, ಹೆಗಲ ಮೇಲೆ ಟವೆಲ್ಲು ಹಾಕಿ, “ಬರ್ರಿ, ಬ್ಯಾಡಗಿ ಬಣ್ಣದ ಕುರ್ಚಿ, ಹುಳುಕಿಲ್ಲ ಹಳಕಿಲ್ಲ” ಎಂದು ಒದರಿದೆ. ಮಂದಿ ಬಿದ್ದು ಬಿದ್ದು ನಕ್ಕರು. ಸಾವಕಾರರೂ ಒಬ್ಬ ಅಡತಿ ವ್ಯಾಪಾರಿಯೂ ಜಿದ್ದಿಗೆ ಬಿದ್ದರು. ಅಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ತಾನು ಮೆಂಬರಾಗುತ್ತಿದ್ದೇನೆಂದು ಸಾವಕಾರರ ಹೆಂಡತಿಗೆ ಗೊತ್ತಾದದ್ದು ಮನೆಗೆ ಪೇಢೆ ಬಂದ ಮೇಲೆ.

ಲಿಲಾವು ಇನ್ನೂ ನಡೆದಿದ್ದಾಗಲೇ ಹೊಲದಿಂದ ಹೊಳ್ಳಿ ಬರುತ್ತಿದ್ದ ಚಿಗವ್ವ ಗುಡಿಯ ಮುಂದೆ ನಿಂತಳು.

“ಏನ್ ಮಾರಾಕತ್ತೀಯಲೇ ಗಿಣಿ?”

“ಮೆಂಬರ್ ಕುರ್ಚಿ, ಚಿಗವ್ವ.”

“ಯಾರದದು?”

“ಊರಿಂದು.”

“ಹಂಗಾರ ಅದರಾಗ ನಂದೂ ಒಂದು ಓಟೈತಿ. ಅದು ಎಷ್ಟಕ್ಕ ಹೋತು?”

ನಾನು ಏನು ಹೇಳಬೇಕಿತ್ತು? ದಲಾಲಿಯ ದನಿಯಲ್ಲಿ, “ಮೂರನೇ ಸಲಾ, ಹೋತು!” ಎಂದು ಕೈ ತಟ್ಟಿದೆ. ನಗೆಯ ಅಲೆ ಎದ್ದಿತು. ಚಿಗವ್ವ ಬದಿಗೆ ಸರಿದು ತಂಬಾಕು ಉಗುಳಿ ನಡೆದಳು. ನನ್ನ ಕಸುಬಿನಲ್ಲಿ ನನಗೆ ಸಿಕ್ಕ ಅತಿ ದೊಡ್ಡ ನಗೆ ಅದು. ಇವತ್ತಿಗೂ ಅದು ಕಿವಿಯಲ್ಲಿ ಕೂತು ನನ್ನ ಮಾರಿಗೆ ಉಗುಳುತ್ತದೆ.

ಮರುದಿನ ನಸುಕಿನಲ್ಲಿ ನಮ್ಮ ಮನೆಗೆ ಬಂದಳು. ಕೈಯಲ್ಲಿ ನಾಮಪತ್ರದ ಫಾರ್ಮು.

“ತುಂಬಿ ಕೊಡಲೇ. ನಾ ನಿಂದರತೀನಿ.”

“ಗೆಲ್ಲತೀಯೇನು ಚಿಗವ್ವ?”

“ಗೆಲ್ಲಾಕ ಯಾರ್ ನಿಂತಾರ? ನಾ ಓಟು ಹಾಕಾಕ ನಿಂತೇನಿ. ಇಬ್ಬರು ನಿಂತರ ಓಟಿನ ಡಬ್ಬಿ ಊರಿಗೆ ಬರಬೇಕು, ಹೌದಿಲ್ಲೋ? ಬರಲಿ. ನಾ ಎದುರಿಗೆ ನಿಂತು ಹಾಕತೀನಿ.”

ತುಂಬಿದೆ. ಚೆಂದ ಅಕ್ಷರದಲ್ಲಿ ತುಂಬಿದೆ. ಕೊನೆಗೆ ಸೂಚಕರ ಸಹಿ ಎಂಬಲ್ಲಿಗೆ ಬಂದಾಗ ಪೆನ್ನು ಕೆಳಗಿಟ್ಟೆ. ಅಪ್ಪ ಸಾವಕಾರರ ಹೊಲವನ್ನು ಪಾಲಿಗೆ ಮಾಡುತ್ತಿದ್ದ. ಚಿಗವ್ವ ನನ್ನ ಮುಖ ನೋಡಿ, “ಇರಲಿ ಬಿಡು, ನಿನ್ನ ಸಹಿ ಸೈತ ಯಾರದರ ನಕಲ ಇರಬೇಕು” ಎಂದು ಎದ್ದು ಹೋದಳು.

ಸಹಿ ಹಾಕಿದವನು ಸೈಕಲ್ ಅಂಗಡಿಯ ಚಾಚಾ. ಕೈಗೆ ಹತ್ತಿದ ಗ್ರೀಸು ಫಾರ್ಮಿಗೂ ಹತ್ತಿತು. ಅವನ ಅಂಗಡಿಗೆ ಯಾರೂ ಹೋಗಬಾರದೆಂದು ಸಂಜೆಯೇ ಅಪ್ಪಣೆಯಾಯಿತು. ಚಾಚಾ ಪಂಪಿನ ಮೇಲೆ ಕೈ ಊರಿ ನಕ್ಕ: “ಪಂಚರ್ ಆದ ಗಾಲಿ ಎಷ್ಟ ದಿನ ಹೊತ್ಗೊಂಡ್ ತಿರಗತಾರ? ತಿರಗಲಿ ಬಿಡ್ರಿ.”

ಸಾವಕಾರರು ಚಿಗವ್ವನ ಬಾಗಿಲಿಗೆ ತಾವೇ ಬಂದರು. ನಾನು ನಮ್ಮ ಹಿತ್ತಲ ಗೋಡೆಗೆ ಕಿವಿ ಹಚ್ಚಿದ್ದೆ. ಅವರದು ಸಮಾಧಾನದ ದನಿ. ಹೊಲಕ್ಕೆ ವಿಷ ಹೊಡೆಸುವಾಗಲೂ ಅದೇ ದನಿ.

“ಅಲ್ಲಬೇ, ಮನಿಪಟ್ಟಿ ಕಟ್ಟಾಂವ ನಾ, ಊರಾಗ ಎಲ್ಲಿ ಏನ್ ಖರ್ಚ ಮಾಡಬೇಕು ಅಂತ ಹೇಳಾಕಿ ನೀ? ನೂರೆಕರೆದಾಂವಗೂ ಒಂದ ಓಟು, ಗೇಣು ಹೊಲಾ ಇಲ್ಲದಾಕಿಗೂ ಒಂದ ಓಟು. ಇಂಥಾ ಕಾಯ್ದೆ ಮಾಡಿದಾಂವ ಎಂಥಾಂವ ಇರಬೇಕು!”

ಚಿಗವ್ವ ಎದ್ದು ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ ಬಂದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

“ಹಂಗಾರ ಸಾಯೂದ್ರಾಗೂ ಎಕರೆ ಲೆಕ್ಕಾ ಹಿಡೀರಿ ಸಾವಕಾರ್ರ. ನೂರೆಕರೆದಾಂವ ನೂರು ಸಲ ಸಾಯಲಿ.”

ಅವಳು ಮುಂದುವರಿಸಿದಳು. “ಪಟ್ಟಿ ಅಂತೀರಿ. ಕಡ್ಡಿಪೆಟಗಿ, ಚಿಮಣಿ ಎಣ್ಣಿ, ಈ ಸೀರಿ, ಎಲ್ಲಾದ್ರಾಗೂ ಸರಕಾರದ ತೆರಿಗಿ ಇರತೈತಿ ಅಂತ ಚಾಚಾ ಹೇಳ್ಯಾನ. ನಾ ದಿನಾ ಒಲಿ ಹಚ್ಚತೀನ್ರಿ. ಮತ್ತ ಹೆಣ್ಣುಮಕ್ಕಳಿಗೆ ನಾಕು ಗೋಡಿ ಸಂಡಾಸಾ ಕಟ್ಟಸ್ರಿ ಅಂದ್ರ ರೊಕ್ಕ ಇಲ್ಲ ಅಂತೀರಿ, ನಿಮ್ಮ ತಂದೀ ಹೆಸರಿಲೆ ಕಮಾನು ಕಟ್ಟಸೂ ಠರಾವು ಆತಂತ. ಕಮಾನಿಗೆ ಎರಡ ಕಂಬ. ಅದರ ಮರಿಗೆ ಕುಂದರೂಣೇನ್ರಿ ನಾವು?”

ನಾವು ದಿನಾ ನೋಡುತ್ತಿದ್ದ ಸಂಗತಿ. ಹೆಂಗಸರು ಕತ್ತಲಾಗುವವರೆಗೆ ಹೊಟ್ಟೆ ಹಿಡಿದು ಕಾಯ್ದು ಹೊಲದ ಬದುವಿಗೆ ಹೋಗಬೇಕು. ಲಾರಿಯ ದೀಪ ಬಿದ್ದರೆ ಎದ್ದು ನಿಲ್ಲಬೇಕು. ಕುಳಿತವರು ನಮ್ಮ ಅವ್ವ ಅಕ್ಕಂದಿರು. ಸಾವಕಾರರ ಪಂಪ್‌ಸೆಟ್ಟಿಗೆ ಸರಕಾರದ ಸೋವಿ ಕರೆಂಟು, ಹೊಲಕ್ಕೆ ಸರಕಾರದ ಕಾಲುವೆ ನೀರು, ಗೊಬ್ಬರಕ್ಕೆ ಸರಕಾರದ ಸವಲತ್ತು. ಅದು ಅಭಿವೃದ್ಧಿ. ಬಡವರ ಹಸಿರು ಕಾರ್ಡಿನ ಅಕ್ಕಿ ತಂದ ಹೆಂಗಸನ್ನು ಕಂಡರೆ ಮಾತ್ರ ದೇಶ ದಿವಾಳಿಯಾಗುತ್ತದೆ ಎಂದು ಅವರಿಗೆ ಚಿಂತೆ ಹತ್ತುತ್ತಿತ್ತು. ಇದನ್ನು ನಾನು ಅವರದೇ ದನಿಯಲ್ಲಿ ಎಷ್ಟೋ ಸಲ ಆಡಿದ್ದೇನೆ, ಅವರೂ ನಕ್ಕಿದ್ದಾರೆ. ನಗಿಸಿದ ಸಿಟ್ಟು ಯಾರಿಗೂ ನಾಟುವುದಿಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು.

ಓಟಿನ ಹಿಂದಿನ ದಿನ ಮಧ್ಯಾಹ್ನ ಗುಡಿಗೆ ಕರೆ ಬಂತು. ಪೂಜಾರಿ ಒಬ್ಬೊಬ್ಬರ ಕೈಗೂ ಚಿಟಿಕೆ ಭಂಡಾರ ಹಾಕುವನು. ಮುಷ್ಟಿ ಮುಚ್ಚಿ, “ಸಾವಕಾರ್ರ ಮನಿಯವ್ರಿಗೇ ನನ್ನ ಓಟು, ತಪ್ಪಿದ್ರ ದ್ಯಾಮವ್ವ ನೋಡಕೊಳ್ಳಲಿ” ಎನ್ನಬೇಕು. ಮುಸಲ್ಮಾನರ ಮನೆಗಳವರಿಗೆ ಉಪ್ಪು ಮುಟ್ಟಿಸಿದರು. ಅಪ್ಪ ನನ್ನ ಬೆನ್ನಿಗೆ ಕೈಯಿಟ್ಟು ದೂಡಿದ. ನಾನೂ ಮುಟ್ಟಿದೆ, ಹೇಳಿದೆ. ಯಾರ ದನಿಯಲ್ಲಿ ಹೇಳಿದೆನೋ ಗೊತ್ತಿಲ್ಲ.

ಚಿಗವ್ವನ ಗುಂಪಿನ ಹೆಂಗಸರು ಮುಚ್ಚಿದ ಮುಷ್ಟಿ ಹಾಗೇ ಹಿಡಿದುಕೊಂಡು ಅವಳ ಅಂಗಳಕ್ಕೆ ಬಂದರು. ಒಬ್ಬಳಂತೂ ಅಳುತ್ತಿದ್ದಳು.

“ಯಕ್ಕಾ, ಕೈಯಾಗ ದೇವಿ ಅದಾಳ. ಮನ್ಯಾಗ ಸಣ್ಣ ಹುಡುಗ್ರು ಅದಾವ. ಏನ್ ಮಾಡೂಣು?”

ಚಿಗವ್ವ ದೇವರಿಗೆ ಹೆದರದವಳಲ್ಲ. ಮಂಗಳವಾರ ಶುಕ್ರವಾರ ದ್ಯಾಮವ್ವನಿಗೆ ಕೈ ಮುಗಿಯದೆ ನೀರು ಕುಡಿಯುತ್ತಿರಲಿಲ್ಲ. ಅವಳು ಗುಡಿಯ ಕಡೆ ತಿರುಗಿ ಕೈ ಮುಗಿದಳು. ಮುಖ ಬಿಳಚಿಕೊಂಡಿತ್ತು. ಆಮೇಲೆ ನೆಲದ ಮೇಲೆ ಕೂತಲ್ಲೇ ಸೆರಗು ಬಿಚ್ಚಿ ಮಡಿಲಿಗೆ ಹರವಿದಳು, 
ಉಡಿ ತುಂಬಿಸಿಕೊಳ್ಳುವಾಗ ಹರವುವ ಹಾಗೆ.

“ಹಾಕ್ರವಾ ಇದರಾಗ.”

“ಯಕ್ಕಾ!”

“ಹಾಕಂದ್ರ ಹಾಕು. ಉಡಿಗೆ ಬಿದ್ದದ್ದು ಹೊಳ್ಳಿ ಹೋಗೂದಿಲ್ಲ. ಇನ್ನ ತಪ್ಪಿದ್ರ ನಂಗ ತಟ್ಟತೈತಿ, ನಿಮಗಲ್ಲ. ನಿಮ್ಮ ಸಾಲು ಹಿಂದ ಬಿದ್ದೈತಿ, ನಾ ಹೊಳ್ಳಿ ಬಂದೇನಿ, ಅಷ್ಟ. ಯಾರಿಗೆ ಹಾಕ್ರಿ ಅಂತ ನಾ ಹೇಳೂದಿಲ್ಲ. ಸಾವಕಾರತೀಗೆ ಹಾಕಬೇಕಂದ್ರೂ ಹಾಕ್ರಿ. ಆದ್ರ ಅಂಜಿ ಹಾಕಬ್ಯಾಡ್ರಿ.”

ಒಬ್ಬೊಬ್ಬರೇ ಬಂದು ಮುಷ್ಟಿ ಬಿಚ್ಚಿದರು. ಸುದ್ದಿ ಓಣಿಯಿಂದ ಓಣಿಗೆ ಹೋಯಿತು. ಹೊಲೆಗೇರಿಯಿಂದ ಬಂದರು, ಗಂಡಸರೂ ಬಂದರು, ಮುದುಕರೂ ಬಂದರು. ಅವಳ ಉಡಿ ಹಳದಿಯಾಯಿತು. ನಾನು ಗೋಡೆಯ ಮೇಲಿಂದ ನೋಡುತ್ತಿದ್ದೆ. ಅವಳು ಕತ್ತೆತ್ತಿ ಕರೆದಳು: “ಬಾರಲೇ ಗಿಣಿ. ನಿಂದೂ ಹಾಕು.”

“ನಂದಿರಲಿ ಬಿಡು ಚಿಗವ್ವ, ಬಣ್ಣ ಚೊಲೋ ಐತಿ” ಎಂದೆ. ನಾನು ನಕ್ಕೆ, ಉಳಿದ ಯಾರೂ ನಗಲಿಲ್ಲ.

ಮರುದಿನ ಸಾಲೆಯ ಬಾಗಿಲು ತೆರೆಯುವ ಮೊದಲೇ ಅವಳು ಅಲ್ಲಿದ್ದಳು. ಮೊದಲ ಓಟು ಅವಳದು. ಹೊರಗೆ ಬಂದು ಬೆರಳಿನ ಶಾಯಿಯನ್ನು ಎಲ್ಲರಿಗೂ ತೋರಿಸುತ್ತ ಕೆಲಸಕ್ಕೆ ನಡೆದಳು. ನಾನು ಮಧ್ಯಾಹ್ನ ಹೋಗಿ, ಅಪ್ಪ ಹೇಳಿದವರಿಗೆ, ಅಂದರೆ ಸಾವಕಾರರ ಹೆಂಡತಿಗೆ, ಮುದ್ರೆ ಒತ್ತಿ ಬಂದೆ. ಒಳಗೆ ಯಾರೂ ನನ್ನ ಕೈ ಹಿಡಿದಿರಲಿಲ್ಲ. ಅದನ್ನೇ ನಾನು ಹೇಳಬೇಕಾಗಿರುವುದು. ಯಾರೂ ಕೈ ಹಿಡಿದಿರಲಿಲ್ಲ.

ಚಿಗವ್ವ ಹದಿನಾರು ಓಟಿನಿಂದ ಸೋತಳು.

ಮಾಲೆ ಹಾಕಿಸಿಕೊಂಡದ್ದು ಸಾವಕಾರರು. ಮಂಡಲ ಪಂಚಾಯತಿಯಲ್ಲಿ ಹೆಂಡತಿಯ ಕುರ್ಚಿಯ ಮೇಲೆ ಕೂಡುವವರೂ ಅವರೇ. ಹೆಂಡತಿ ಮನೆಯಲ್ಲಿ ರೊಟ್ಟಿ ಬಡಿಯುತ್ತ, ಬಂದ ಕಾಗದಕ್ಕೆ ಹಿಟ್ಟಿನ ಕೈಯಿಂದ ಹೆಬ್ಬೆಟ್ಟು ಒತ್ತುತ್ತಾಳೆ. ಆದರೂ ಅವರಿಗೆ ನಿದ್ದೆ ಬರಲಿಲ್ಲ. ಊರೆಲ್ಲ ಆಣೆ ಮಾಡಿದ ಮೇಲೆ ಅವಳಿಗೆ ಅಷ್ಟು ಓಟು ಹೇಗೆ ಬಿದ್ದವು? ಉಡಿಯ ಸಂಗತಿ ತಿಳಿದ ದಿನವೇ ಚಿಗವ್ವನ ಗುಂಪಿಗೆ ಊರ ಹೊಲಗಳು ಬಂದ್ ಆದವು. ಅವಳು ಹದಿನೆಂಟು ಮಂದಿಯನ್ನು ಬಸ್ಸು ಹತ್ತಿಸಿ ಸಂಶಿ ಕಡೆ ಮೆಣಸಿನಕಾಯಿ ಬಿಡಿಸಲು ಒಯ್ದಳು. ಬಸ್ ಚಾರ್ಜು ಹೋಗಿ ಉಳಿಯುವುದು ಅರ್ಧ ಕೂಲಿ. ಎರಡು ಸುಗ್ಗಿ ಹಾಗೇ ಕಳೆದರು. ಊರಲ್ಲಿ ಕಸ ಬೆಳೆದು ಹತ್ತಿ ಮುಳುಗಿದಾಗ ಸಾವಕಾರರೇ ಆಳು ಕಳಿಸಿ ಕರೆಸಿದರು, ಅವಳೊಬ್ಬಳನ್ನು ಬಿಟ್ಟು. “ಹೋಗ್ರವಾ, ಹೊಟ್ಟಿಗೆ ಎಂಥಾ ಸಿಟ್ಟು” ಎಂದು ಅವಳೇ ಅವರನ್ನು ಕಳಿಸಿದಳು.

ಇನ್ನು ಅವಳ ಸಾವು. ಸಾವಕಾರರು ಬಸಿಯಲ್ಲಿ ಊದಿದ ಆ ತೀರ್ಪಿಗೆ ನನ್ನ ತಕರಾರು ಇಲ್ಲಿದೆ. ಎಡಗಲ್ಲದಲ್ಲಿ ಹುಣ್ಣಾಯಿತು. ತಂಬಾಕಿನ ಹುಣ್ಣು. ಅದು ಅವಳ ತಪ್ಪು, ನಾನು ಅವಳನ್ನು ದೇವತೆ ಮಾಡಲು ಹೊರಟಿಲ್ಲ. ಬಿಡು ಅಂದರೆ “ನೀ ಅಣಕಿಸೂದು ಬಿಡು, ನಾ ಇದನ್ನ ಬಿಡತೀನಿ” ಅನ್ನುವಳು. ಆದರೆ ನಮ್ಮೂರಿಗೆ ಸರಕಾರ ಒಂದು ದವಾಖಾನೆಯ ಕೋಣೆ ಕಟ್ಟಿಸಿ ಕೊಟ್ಟಿದೆ. ಅದರಲ್ಲಿ ಸಾವಕಾರರ ಯೂರಿಯಾ ಚೀಲಗಳಿವೆ. ಮಂಡಲದಲ್ಲಿ ಠರಾವು ಮಾಡಿ ಇಟ್ಟದ್ದು, ಅವರ ಹೆಂಡತಿಯ ಹಿಟ್ಟಿನ ಹೆಬ್ಬೆಟ್ಟು ಅದರ ಮೇಲಿದೆ. ಹದಿನೈದು ದಿನಕ್ಕೊಮ್ಮೆ ಬರುವ ನರ್ಸಬಾಯಿ ಸಾಲೆಯ ಕಟ್ಟೆಯ ಮೇಲೆ ಕೂತು, ಹುಡುಗರ ಗದ್ದಲದ ನಡುವೆ ಗುಳಿಗೆ ಹಂಚಿ ಹೋಗುತ್ತಾಳೆ. ಅಲ್ಲಿ ಮಂದಿಯ ಮುಂದೆ ಬಾಯಿ ತೆರೆದು ತೋರಿಸಲು ಚಿಗವ್ವ ನಾಚಿದಳು. ಹುಬ್ಬಳ್ಳಿಗೆ ಒಯ್ಯುವ ಹೊತ್ತಿಗೆ ಡಾಕ್ಟರು ಅಂದದ್ದು ಒಂದೇ ಮಾತು: ಮೊದಲ ಯಾಕ ತರಲಿಲ್ಲ?

ಹುಣ್ಣಿಗೆ ಕಾರಣ ತಂಬಾಕು. ಅದು ಸಣ್ಣದಿದ್ದಾಗ ಯಾರೂ ನೋಡದಿದ್ದುದಕ್ಕೆ ಕಾರಣ ಆ ಚೀಲಗಳು. ದ್ಯಾಮವ್ವ ಇದರಲ್ಲಿ ಎಲ್ಲಿ ಬಂದಳು? ಗುಡಿಯ ಸ್ಲ್ಯಾಬು ಮೊದಲ ಮಳೆಗೇ ಸೋರಿದರೂ ಯಾರ ಮೇಲೂ ಸಿಟ್ಟಾಗದ ತಾಯಿ, ಕೂಲಿ ಹೆಂಗಸಿನ ದವಡೆಗೆ ಕೈ ಹಾಕಿದಳೆ?

ಕೊನೆಯ ವಾರ ಅವಳಿಗೆ ಮಾತು ಬರುತ್ತಿರಲಿಲ್ಲ. ನಾನು ಹೋಗಿ ಸಾವಕಾರರ ದನಿ ತೆಗೆದೆ. ದವಡೆ ಹಿಡಿದುಕೊಂಡು ನಕ್ಕಳು. ಆಮೇಲೆ ಹೇಳಿದೆ: “ಚಿಗವ್ವ, ನಾ ನಿಂಗ ಓಟು ಹಾಕಿಲ್ಲ.” ಅವಳು ನನ್ನ ಬಲಗೈ ತೆಗೆದುಕೊಂಡು ಅಂಗೈ ನೋಡಿದಳು. ಹೊಳ್ಳಿಸಿ ಹಿಂಬದಿಯನ್ನೂ ನೋಡಿದಳು. ನನ್ನ ಮಡಿಲಲ್ಲೇ ಇಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕ್ಷಮಿಸಿದಳು ಎಂದು ಬರೆಯುವ ಧೈರ್ಯ ನನಗಿಲ್ಲ.

ರವಿವಾರ ಬಂತು. ಗುಡಿಯ ಮುಂದೆ ಸಾಲು. ಸಾವಕಾರರು ಕಟ್ಟೆಯ ಮೇಲೆ ನಿಂತು ಭಾಷಣ ಮಾಡಿದರು. ಹೋದ ಸಲ ಆಣೆಯ ಕೂಡ ಆಟ ಆಡಿದಾಕಿ ಎಲ್ಲಿದ್ದಾಳೆ ಎಂದು ಕೇಳಿದರು. ಚಿಗವ್ವನ ಮಗಳು ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಒಬ್ಬೊಬ್ಬರೇ ಭಂಡಾರ ಹಿಡಿದು, ಹೇಳಬೇಕಾದ್ದು ಹೇಳಿ ಹೊರಗೆ ಬರತೊಡಗಿದರು. ನನ್ನ ಪಾಳಿ ಬಂದಾಗ ಅಪ್ಪ ದೂಡಿದ. ನಾನು ಸಾಲು ಬಿಟ್ಟು ಹೊರಗೆ ನಡೆದೆ. ಗುಡಿಯೆದುರಿನ ಬೇವಿನ ಗಿಡದ ಕೆಳಗೆ ಹೆಗಲ ಟವೆಲ್ಲು ಹಾಸಿ, ಕಾಲು ಮಡಚಿ ಕೂತೆ.

ಚಿಗವ್ವನ ಗುಂಪಿನ ಮುದುಕಿಯೊಬ್ಬಳು ಮುಷ್ಟಿ ಮುಚ್ಚಿಕೊಂಡೇ ನಿಂತು ನನ್ನನ್ನು ನೋಡಿದಳು.

“ಏನಲೇ ಇದು, ಭಿಕ್ಷಾಕ್ಕ ಕುಂತಿಯೇನು?”

“ಹಾಕಬೇ ಇದರಾಗ. ನಾ ಹೊರತೀನಿ.”

“ನೀನಾ? ಒಂದ ಮಾತು ನೆಟ್ಟಗ ಹೊರಾಕ ಆಗೂದಿಲ್ಲ ನಿಂಗ.”

“ಹೋದ ಸಲ ಆಗಲಿಲ್ಲ. ಈ ಸಲ ನೋಡು.”

ಅವಳು ಹಾಕಲಿಲ್ಲ. ಯಾರೂ ಹಾಕಲಿಲ್ಲ. ಗುಂಪಾಗಿ ನಿಂತು ಟವೆಲ್ಲನ್ನೇ ನೋಡಿದರು. ಆಗ ಚಿಗವ್ವನ ಮಗಳು ಗುಂಪು ಸೀಳಿಕೊಂಡು ಬಂದು, ನನ್ನ ಮುಖ ನೋಡದೆ, ಮುಷ್ಟಿ ಬಿಚ್ಚಿದಳು. ಅಲ್ಲಿಂದ ಮುಂದೆ ನಾನು ಎಣಿಸಲಿಲ್ಲ. ಮುದುಕಿ ಎರಡನೆಯವಳೆಂಬುದಷ್ಟೇ ನೆನಪು. ಚಾಚಾ ಬಂದು ತನಗೆ ಮುಟ್ಟಿಸಿದ ಉಪ್ಪನ್ನು ಹಾಕಿ, “ಅರಿಷಿಣ ಐತಿ, ಉಪ್ಪೂ ಆತು, ಪಲ್ಯಾ ಮಾಡಕೋ” ಎಂದು ಹೋದ. ಅಪ್ಪ ದೂರ ನಿಂತು ನೋಡಿ, ಹಾಕದೆ, ಬೈಯದೆ ಮನೆಗೆ ನಡೆದ.

ಸಾವಕಾರರು ಕಟ್ಟೆ ಇಳಿದು ಬಂದರು. ಮಂದಿ ಬದಿಗೆ ಸರಿದರೇ ಹೊರತು ಚದುರಲಿಲ್ಲ. ಅವರು ಟವೆಲ್ಲು ನೋಡಿದರು, ನನ್ನನ್ನು ನೋಡಿದರು. ದನಿ ಮಾತ್ರ ಅದೇ ಸಮಾಧಾನದ್ದು.

“ಇಷ್ಟ ಮಂದೀ ಶಾಪಾ ಹೊತ್ಗೊಂಡು ಎಷ್ಟ ದಿನಾ ಬದಕತೀಯಲೇ?”

“ಬುಧವಾರ ಸಂಜಿ ಐದರತನಕಾ ಸಾಕ್ರಿ ಸಾವಕಾರ್ರ” ಎಂದೆ. “ಅಷ್ಟೊತ್ತಿಗೆ ಡಬ್ಬಿಗೆ ಸೀಲ್ ಬಿದ್ದಿರತೈತಿ.”